ಮೂವತ್ತೊಂದನೇ ನಿಮಿಷ

"ಇನ್ನೊಂದು ಸಲ ಹೇಳಿ. ಎಷ್ಟಕ್ಕೆ ಶುರು ಮಾಡಿದ್ರಿ, ಎಷ್ಟಕ್ಕೆ ಮುಗೀತು?" ಎಂದಳು ಕಂಪ್ಯೂಟರ್ ಅಂಗಡಿಯ ರಿಪೇರಿಯಕ್ಕ.

"ಬೆಳಿಗ್ಗೆಯಿಂದ ಮೂರು ಸಲ ಹೇಳಿದೀನಿ. ಹನ್ನೆರಡೂ ಐದಕ್ಕೆ ಶುರು. ಹನ್ನೆರಡೂ ಐವತ್ತೈದಕ್ಕೆ ಮುಗೀತು. ಚೀಟೀಲೇ ಬರೆದಿದೆಯಲ್ಲ."

"ಮಧ್ಯೆ ಎದ್ದು ಹೋಗಲಿಲ್ಲ?"

"ನೀರು ಕುಡಿಯೋಕೂ ಏಳಲಿಲ್ಲ. ನನ್ನ ಕಣ್ಣೆದುರೇ ಮುಗೀತು."

ಹೇಳಿದವನು ನಕ್ಷೆ ಬರೆಯುವವನು. ಅವನ ಜೇಬಿನಲ್ಲಿ ಸದಾ ಆರು ಇಂಚಿನ ಸ್ಟೀಲಿನ ಸ್ಕೇಲು ಇರುತ್ತಿತ್ತು. ಆಫೀಸಿನಲ್ಲಿ ಅವನ ಹೆಸರೇ ಸ್ಕೇಲು.

ಇನ್‌ಸ್ಪೆಕ್ಟರ್ ಕಿಟಕಿಗೆ ಬೆನ್ನು ಕೊಟ್ಟು ನಿಂತಿದ್ದರು. ನೆಗಡಿ. ಕರವಸ್ತ್ರ ಕೈಯಲ್ಲೇ ಇತ್ತು. ಅವರು ಗಡಿಯಾರ ನೋಡಿದರು. ಎರಡೂವರೆ.

ದೊಡ್ಡ ಇಂಜಿನಿಯರ್ ಇದೇ ಕಟ್ಟಡದ ಹಿಂದಿನ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದು ನಾಲ್ಕು ದಿನದ ಹಿಂದೆ. ಆಫೀಸಿನ ಜೀಪು ಓಡಿಸುತ್ತಿದ್ದವನು ರಿಪೇರಿಯಕ್ಕನ ತಮ್ಮ; ಅವನು ಲಾಕಪ್ಪು ಸೇರಿದ್ದು ನಿನ್ನೆ ಸಂಜೆ.

"ನಾಲ್ಕು ಗಂಟೆಗೆ ಅವನನ್ನ ಜಡ್ಜ್ ಮುಂದೆ ನಿಲ್ಲಿಸಬೇಕು," ಎಂದರು ಇನ್‌ಸ್ಪೆಕ್ಟರ್. "ಕೊಲೆ ಅಂತ ಬರೆದ ಕಾಗದ ನನ್ನ ಬ್ಯಾಗಲ್ಲಿದೆ. ಸಹಿ ಒಂದು ಬಾಕಿ. ನೀವೇನೋ ತೋರಿಸ್ತೀನಿ ಅಂದ್ರಿ ಅಂತ ಬಂದಿದೀನಿ. ಚೀಟಿ ಓದೋಕಲ್ಲ."

"ಚೀಟೀನೇ ಓದಬೇಕು ಸರ್," ಎಂದಳು ಅವಳು.

ಊರಿನ ಚರಂಡಿಗಳಲ್ಲಿ ನೀರು ಎಷ್ಟು ಏರುತ್ತದೆ, ಎಲ್ಲಿ ಉಕ್ಕುತ್ತದೆ ಎಂದು ಲೆಕ್ಕ ಹಾಕಿ ನಕ್ಷೆ ಕೊಡುವುದು ಆ ಆಫೀಸಿನ ಕೆಲಸ. ಲೆಕ್ಕಕ್ಕೆ ಎರಡು ಕಂಪ್ಯೂಟರ್‌ಗಳಿದ್ದವು. ಒಂದು ಕಿಟಕಿಯ ಪಕ್ಕ, ಒಂದು ಕಂಬದ ಪಕ್ಕ. ಒಂದೇ ದಿನ ಬಂದವು, ಒಂದೇ ಕಪ್ಪು ಡಬ್ಬ. ಲೆಕ್ಕ ಓಡುವಾಗ ಯಾರೂ ಮುಟ್ಟಬಾರದು. ಅದಕ್ಕೆ ಪರದೆಯ ತಲೆಗೆ ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಒಂದು ಚೀಟಿ ಸಿಕ್ಕಿಸುತ್ತಿದ್ದರು. ಯಾರು ಕೂತಿದ್ದಾರೆ, ಎಷ್ಟಕ್ಕೆ ಶುರು, ಎಷ್ಟಕ್ಕೆ ಮುಗಿಯಿತು.

ಸ್ಕೇಲಿನ ಚೀಟಿ ಇನ್ನೂ ಕಿಟಕಿ ಮೆಷೀನಿನ ಮೇಲೆಯೇ ಇತ್ತು. ಪೊಲೀಸರು ಅದರ ಫೋಟೊ ತೆಗೆದುಕೊಂಡು, ಅವನನ್ನು ಅನುಮಾನದ ಪಟ್ಟಿಯಿಂದ ಬಿಟ್ಟಿದ್ದರು.

"ಈ ಚೀಟೀಲಿ ಏನು ಕಾಣುತ್ತೆ ಸರ್?"

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. "ಎರಡು ಗಂಟೆ ಬರೆದಿದೆ."

"ಎರಡೂ ಒಂದೇ ಪೆನ್ನಲ್ಲಿ. ಒಂದೇ ಉಸಿರಲ್ಲಿ. ಇಲ್ಲಿ ಹಸಿ ಇಂಕು ಒರೆಸಿಕೊಂಡಿದೆ ನೋಡಿ, ಅದೇ ಕಲೆ ಮುಂದಿನ ಅಂಕಿಗೂ ಎಳೆದಿದೆ. ಐವತ್ತು ನಿಮಿಷ ಬಿಟ್ಟು ಬರೆದಿದ್ದಲ್ಲ."

ಸ್ಕೇಲು ನಕ್ಕ. "ಅದು ಇಲ್ಲಿ ಎಲ್ಲರೂ ಮಾಡೋದೇ ಮೇಡಂ. ಈ ಲೆಕ್ಕ ಐವತ್ತು ನಿಮಿಷ ತಗೊಳುತ್ತೆ. ಹೋದ ವಾರಾನೂ ಐವತ್ತು, ಹೋದ ವರ್ಷಾನೂ ಐವತ್ತು. ಕೂರೋವಾಗ್ಲೇ ಎರಡೂ ಬರೆದುಬಿಡ್ತೀವಿ. ಬೇಕಾದ್ರೆ ಡ್ರಾಯರ್ ತೆಗೀರಿ, ಹಳೇ ಚೀಟಿ ನೂರಿದೆ."

"ಸರಿ. ಹಾಗಾದ್ರೆ ಅವತ್ತಿನ ಲೆಕ್ಕಾನೇ ಇನ್ನೊಂದು ಸಲ ಓಡಿಸಿ. ಎರಡು ಮೆಷೀನಲ್ಲೂ."

"ಈಗ್ಲಾ?"

"ನಾಲ್ಕು ಗಂಟೆ ಆದ್ಮೇಲೆ ನನಗೆ ಉಪಯೋಗ ಇಲ್ಲ."

ಅವನು ಇನ್‌ಸ್ಪೆಕ್ಟರ್ ಮುಖ ನೋಡಿದ. ಅವರು ಮೂಗು ಒರೆಸಿಕೊಂಡು ಓಡಿಸು ಎಂಬಂತೆ ಕೈ ಮಾಡಿದರು. ಅವನು ಮೊದಲು ಕಂಬದ ಮೆಷೀನಿನಲ್ಲಿ, ಆಮೇಲೆ ಕಿಟಕಿ ಮೆಷೀನಿನಲ್ಲಿ ಅದೇ ಫೈಲು ತೆಗೆದು ಓಡಿಸಿದ. ಎರಡು ಪರದೆಯ ಮೇಲೂ ಒಂದು ಹಸಿರು ಪಟ್ಟಿ ಹುಟ್ಟಿತು. ಅವಳು ತನ್ನ ಕೈಗಡಿಯಾರ ಬಿಚ್ಚಿ ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ಇಟ್ಟಳು.

ಐದು ನಿಮಿಷ ಕಳೆಯಿತು. ಫ್ಯಾನಿನ ಸದ್ದು, ಇನ್‌ಸ್ಪೆಕ್ಟರ ಸೀನು.

ಅವಳ ಫೋನು ಅಲುಗಿತು. ತಮ್ಮನ ಹೆಂಡತಿ.

"ಅತ್ತಿಗೆ, ಕೋರ್ಟಿಗೆ ಯಾವ ಅಂಗಿ ತರ್ಲಿ? ಬಿಳೀದು ತರ್ಲಾ, ಗೆರೆದು ತರ್ಲಾ?"

"ಬಿಳೀದು ತಾ."

"ಮಾಸಿದ್ದೆಲ್ಲ ಒಗೆಯೋಕೆ ಹಾಕ್ತಿದೀನಿ. ಜೇಬಲ್ಲಿ ಒಂದು ಸಂತೆ ಇದೆ. ಬಸ್ ಟಿಕೆಟ್ಟು, ಬೀಗದ ಕೈ, ಮಡಚಿದ ಕಾಗದ, ಅರ್ಧ ಬಿಸ್ಕತ್ತು. ಇವರ ಜೇಬು ಅಂದ್ರೆ ಕಸದಬುಟ್ಟಿ. ಬಿಸಾಕ್ಲಾ?"

"ಏನೂ ಬಿಸಾಕಬೇಡ. ಡಬ್ಬಕ್ಕೆ ಹಾಕಿಡು, ಆಮೇಲೆ ನೋಡ್ತೀನಿ."

"ಅವರು ಮನೆಗೆ ಬರ್ತಾರಲ್ವಾ ಅತ್ತಿಗೆ?"

"ಅಂಗಿಗೆ ಇಸ್ತ್ರಿ ಹಾಕು," ಎಂದು ಅವಳು ಫೋನು ಇಟ್ಟಳು.

ಹನ್ನೆರಡನೇ ನಿಮಿಷಕ್ಕೆ ಇನ್‌ಸ್ಪೆಕ್ಟರ್ ಎರಡು ಪರದೆಗಳನ್ನೂ ನೋಡಿದರು. ಕಿಟಕಿ ಮೆಷೀನಿನ ಪಟ್ಟಿ ಮೂರನೇ ಒಂದು ಭಾಗ ದಾಟಿತ್ತು. ಕಂಬದ್ದು ಕಾಲು ಭಾಗಕ್ಕೂ ಬಂದಿರಲಿಲ್ಲ.

"ಇದ್ಯಾಕೆ ಹಿಂಗೆ? ಎರಡೂ ಒಂದೇ ಅಂದ್ರಿ."

ಸ್ಕೇಲಿನ ಕೈ ಜೇಬಿನ ಸ್ಕೇಲಿಗೆ ಹೋಯಿತು. ಅದನ್ನು ತೆಗೆದು ಬೆರಳಲ್ಲಿ ತಿರುಗಿಸತೊಡಗಿದ.

"ಒಂದೇ ಆಗಿದ್ವು," ಎಂದಳು ರಿಪೇರಿಯಕ್ಕ. "ಆ ದಿನ ಬೆಳಿಗ್ಗೆ ಎಂಟು ಗಂಟೆವರೆಗೆ. ಎಂಟಕ್ಕೆ ನಾನು ಬಂದು ಕಿಟಕಿ ಮೆಷೀನಿನ ಪ್ರೊಸೆಸರ್ ಬದಲಾಯಿಸಿದೆ. ದೊಡ್ಡ ಇಂಜಿನಿಯರೇ ಕರೆಸಿದ್ದು."

"ಜಾಸ್ತಿ ವೇಗದ್ದು ಹಾಕಿದ್ರಾ?"

"ಇಲ್ಲ. ವೇಗ ಅಷ್ಟೇ. ಆನ್ ಮಾಡಿದಾಗ ಕಾಣೋ ನಂಬರೂ ಅದೇ. ಬೇರೆ ಇರೋದು ಕ್ಯಾಶ್ ಮೆಮೊರಿ. ಹಳೇದರಲ್ಲಿ ಮೂವತ್ತೆರಡು ಎಂಬಿ ಇತ್ತು, ಇದರಲ್ಲಿ ತೊಂಬತ್ತಾರು."

"ನನಗೆ ಅರ್ಥ ಆಗೋ ಹಾಗೆ ಹೇಳಿ. ಜಡ್ಜ್‌ಗೆ ನಾನು ಹೇಳಬೇಕಾಗುತ್ತೆ."

ಅವಳು ತನ್ನ ಚೀಲದಿಂದ ಒಂದು ಸಣ್ಣ ಸ್ಟೀಲ್ ಬಟ್ಟಲು ತೆಗೆದು ಮೇಜಿನ ಮೇಲಿಟ್ಟಳು. ತುಂಬ ಸ್ಕ್ರೂಗಳು.

"ಅಂಗಡೀಲಿ ಕೆಲಸ ಮಾಡೋವಾಗ ಇದು ನನ್ನ ಮುಂದಿರುತ್ತೆ. ಮಿಕ್ಕ ಸಾಮಾನು ಒಳಗಿನ ರೂಮಲ್ಲಿ. ಬಟ್ಟಲಲ್ಲಿ ಇರೋದು ಕೈಗೆ ತಕ್ಷಣ ಸಿಗುತ್ತೆ. ಇಲ್ಲದೇ ಇರೋದಕ್ಕೆ ಎದ್ದು ಹೋಗಬೇಕು, ಹುಡುಕಬೇಕು, ತರಬೇಕು. ನನ್ನ ಕೈಯೇನೂ ನಿಧಾನ ಅಲ್ಲ. ಆದ್ರೆ ಅರ್ಧ ದಿನ ನಡೆಯೋದರಲ್ಲೇ ಹೋಗುತ್ತೆ. ಪ್ರೊಸೆಸರ್ ಕಥೆನೂ ಅಷ್ಟೇ. ಅದರ ಬಟ್ಟಲೇ ಕ್ಯಾಶು. ಒಳಗಿನ ರೂಮು ರ‍್ಯಾಮು."

"ಬಟ್ಟಲು ದೊಡ್ಡದು ಮಾಡಿದ್ರೆ ಎಲ್ಲಾ ಕೆಲಸಾನೂ ಬೇಗ ಆಗುತ್ತಾ? ನಮ್ಮ ಸ್ಟೇಷನ್ ಕಂಪ್ಯೂಟರಿಗೂ ಒಂದು ಹಾಕಿಸಬಹುದಿತ್ತು."

"ನೀವು ಅದರಲ್ಲಿ ಏನು ಮಾಡ್ತೀರಿ?"

"ದೂರು ಟೈಪ್ ಮಾಡ್ತಾರೆ."

"ಅದಕ್ಕೆ ನಾಲ್ಕು ಸ್ಕ್ರೂ ಸಾಕು. ಚಿಕ್ಕ ಬಟ್ಟಲಲ್ಲೇ ಹಿಡಿಯುತ್ತೆ, ದೊಡ್ಡದಿಟ್ರೂ ವ್ಯತ್ಯಾಸ ಗೊತ್ತಾಗಲ್ಲ. ಈ ಚರಂಡಿ ಲೆಕ್ಕ ಬೇರೆ. ಅದದೇ ಅಂಕಿಗಳನ್ನ ಲಕ್ಷ ಸಲ ತಿರುಗಿ ತಿರುಗಿ ಕೇಳುತ್ತೆ. ಅಷ್ಟೂ ಹಳೇ ಬಟ್ಟಲಲ್ಲಿ ಹಿಡೀತಿರಲಿಲ್ಲ. ಇದರಲ್ಲಿ ಹಿಡಿಯುತ್ತೆ. ಅದಕ್ಕೇ ಇಲ್ಲಿ ಯಾರಿಗೂ ಗೊತ್ತಾಗಲಿಲ್ಲ ಸರ್. ಪತ್ರ ತೆಗೆದ್ರೂ, ನಕ್ಷೆ ತೆಗೆದ್ರೂ ಮೆಷೀನು ಮೊದಲಿನ ಹಾಗೇ. ಲೆಕ್ಕ ಹಾಕಿ, ಎದುರಿಗೆ ಕೂತವನಿಗೆ ಮಾತ್ರ ಗೊತ್ತಾಗಬೇಕಿತ್ತು."

ಕೊನೆಯ ಮಾತನ್ನು ಅವಳು ಸ್ಕೇಲಿನ ಕಡೆ ನೋಡಿ ಹೇಳಿದಳು. ಅವನು ಪರದೆಯನ್ನೇ ನೋಡುತ್ತಿದ್ದ. ಅಲ್ಲಿ ಹಸಿರು ಪಟ್ಟಿ ಅವನನ್ನು ಕೇಳದೆ ಮುಂದೆ ಹೋಗುತ್ತಿತ್ತು.

ಇನ್‌ಸ್ಪೆಕ್ಟರ್ ಕರವಸ್ತ್ರ ಮಡಚಿದರು. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಲಾಕಪ್ಪಲ್ಲಿರೋದು ನಿಮ್ಮ ತಮ್ಮ. ಈ ಪ್ರೊಸೆಸರ್ ನೀವು ನಿನ್ನೆ ಬಂದು ಹಾಕಿಲ್ಲ ಅಂತ ಏನು ಗ್ಯಾರಂಟಿ?"

"ಈ ಬಾಗಿಲಿಗೆ ನಾಲ್ಕು ದಿನದಿಂದ ಟೇಪು ಸುತ್ತಿದ್ದೋರು ಯಾರು?"

"ನಾವು."

"ಟೇಪಿನ ಮೇಲೆ ಸಹಿ?"

"ನಂದೇ."

"ಇವತ್ತು ಬೆಳಿಗ್ಗೆ ಕಿತ್ತಿದ್ದೂ ನೀವೇ. ಇಷ್ಟು ಸಾಲದಿದ್ರೆ ಇದು ತಗೊಳ್ಳಿ." ಅವಳು ಕೆಲಸದ ರಸೀದಿ ಕೊಟ್ಟಳು. ಸಾಮಾನಿನ ನಂಬರು, ತಾರೀಕು, ಗಂಟೆ, ಕೆಳಗೆ ಸತ್ತವರ ಸಹಿ. "ಹಾಕಿ ಆದ್ಮೇಲೆ ಹಳೇ ಲೆಕ್ಕ ಒಂದು ಓಡಿಸಿ ನೋಡಿದ್ವಿ. ಅವರು ಯಾರಿಗೂ ಹೇಳಬೇಡ ಅಂದ್ರು. ಈ ಆಫೀಸಲ್ಲಿ ಚೀಟಿ ಬರೆದಿಟ್ಟು ಯಾರೋ ಹೊರಗೆ ಹೋಗ್ತಿದಾರೆ, ಯಾರು ಅಂತ ನೋಡಬೇಕು ಅಂದ್ರು."

"ಅದನ್ನ ಮೊದಲ ದಿನವೇ ಯಾಕೆ ಹೇಳಲಿಲ್ಲ?"

"ನೀವು ಕೇಳಿದ್ದು ನನ್ನ ತಮ್ಮನ ಬಗ್ಗೆ. ಚೀಟೀಲಿ ಏನಿದೆ ಅಂತ ನನಗೆ ಗೊತ್ತಾಗಿದ್ದೇ ಇವತ್ತು."

ಅವರು ರಸೀದಿಯನ್ನು ಬೆಳಕಿಗೆ ಹಿಡಿದು ನೋಡಿ, ವಾಪಸ್ ಕೊಡದೆ ಬ್ಯಾಗಿಗೆ ಹಾಕಿಕೊಂಡರು.

ಕಿಟಕಿ ಮೆಷೀನಿನ ಪಟ್ಟಿ ತುಂಬಿತು. ಪರದೆಯ ಮೇಲೆ ನಕ್ಷೆ ಬಿಚ್ಚಿಕೊಂಡಿತು. ಸದ್ದಿಲ್ಲ, ಗಂಟೆಯಿಲ್ಲ.

ಕೈಗಡಿಯಾರದಲ್ಲಿ ಮೂವತ್ತೊಂದು ನಿಮಿಷ.

ಕಂಬದ ಮೆಷೀನು ಇನ್ನೂ ಶೇಕಡಾ ಅರವತ್ತೆರಡು ಎನ್ನುತ್ತಿತ್ತು.

"ಹನ್ನೆರಡೂ ಐದಕ್ಕೆ ಮೂವತ್ತೊಂದು ಸೇರಿಸಿ. ಹನ್ನೆರಡೂ ಮೂವತ್ತಾರಕ್ಕೇ ಲೆಕ್ಕ ಮುಗಿದಿತ್ತು," ಎಂದಳು ಅವಳು. "ಆಮೇಲೆ ಹತ್ತೊಂಬತ್ತು ನಿಮಿಷ ಈ ನಕ್ಷೆ ನಿಮ್ಮ ಮುಖಕ್ಕೆ ಮುಖ ಕೊಟ್ಟು ಕೂತಿತ್ತು. ನಿಮ್ಮ ಕಣ್ಣೆದುರೇ ಮುಗಿದಿದ್ದು ಯಾವ ಲೆಕ್ಕ?"

ಸ್ಕೇಲು ಪರದೆಯ ಕಡೆ ಬೆರಳು ತೋರಿಸಿದ. "ಫೈಲಲ್ಲಿ ಹನ್ನೆರಡೂ ಐವತ್ತೆಂಟು ಅಂತ ಇದೆ. ನೋಡಿ ಬೇಕಾದ್ರೆ."

"ಅದು ನೀವು ಸೇವ್ ಒತ್ತಿದ ಗಂಟೆ. ಮುಗಿದ ಗಂಟೆ ಫೈಲಲ್ಲಿ ಇರಲ್ಲ. ಇದ್ದಿದ್ರೆ ಚೀಟಿ ಯಾಕೆ ಬೇಕಿತ್ತು?"

ಇನ್‌ಸ್ಪೆಕ್ಟರ್ ಕುರ್ಚಿ ಎಳೆದು ಅವನ ಎದುರು ಕೂತರು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಅವರ ದನಿಯಲ್ಲಿ ನೆಗಡಿ ಮಾತ್ರ ಮೊದಲಿನಂತೆ ಇತ್ತು.

"ಡಾಕ್ಟರ್ ಹೇಳಿದ ಪ್ರಕಾರ ಅವರು ಸತ್ತಿದ್ದು ಹನ್ನೆರಡೂವರೆಯಿಂದ ಒಂದು ಗಂಟೆ ಒಳಗೆ. ಬೆನ್ನ ಮೇಲೆ ಕೈ ಇಟ್ಟು ತಳ್ಳಿದ ಗುರುತಿದೆ. ನೀನು ಇಲ್ಲಿ ಇರಲಿಲ್ಲ. ಎಲ್ಲಿದ್ದೆ?"

"ಸರ್, ಹೇಳಿದ್ರೆ ನನ್ನ ಕೆಲಸ ಹೋಗುತ್ತೆ."

"ಹೇಳದಿದ್ರೆ ಜೀಪ್ ಡ್ರೈವರ್ ಪಕ್ಕದ ಜಾಗ ಖಾಲಿ ಇದೆ."

ಸ್ಕೇಲು ಸ್ಟೀಲಿನ ಸ್ಕೇಲನ್ನು ಮೇಜಿನ ಮೇಲೆ, ಅಂಚಿಗೆ ಸರಿಯಾಗಿ ಇಟ್ಟ. ಅದನ್ನು ನೋಡುತ್ತಲೇ ಹೇಳಿದ. "ಎದುರುಗಡೆ ಕಟ್ಟಡದಲ್ಲಿ. ಎರಡನೇ ಮಹಡಿ. ನಮ್ಮ ಥರದ್ದೇ ಕೆಲಸ ಮಾಡ್ತಾರೆ. ಅವತ್ತು ಕಡೇ ಸುತ್ತಿನ ಇಂಟರ್‌ವ್ಯೂಗೆ ಕರೆದಿದ್ರು. ಮೂರು ವಾರದಿಂದ ಲೆಕ್ಕ ಹಾಕಿಟ್ಟು ಹೋಗಿ ಬರ್ತಾ ಇದೀನಿ. ಐವತ್ತು ನಿಮಿಷ ಸಿಗುತ್ತಲ್ಲ."

"ಸಾಕ್ಷಿ?"

"ಅವರ ಬಾಗಿಲಲ್ಲಿ ಪುಸ್ತಕ ಇದೆ. ಹೋಗೋವಾಗ ಬರೋವಾಗ ಸಹಿ. ಕ್ಯಾಮೆರಾನೂ ಇದೆ. ನಾಲ್ಕು ಜನ ಕೂತು ನನಗೆ ಪ್ರಶ್ನೆ ಕೇಳ್ತಿದ್ರು."

ಇನ್‌ಸ್ಪೆಕ್ಟರ್ ಫೋನು ಹಿಡಿದು ಹೊರಗೆ ಹೋದರು. ರಿಪೇರಿಯಕ್ಕ ಸ್ಕ್ರೂ ಬಟ್ಟಲನ್ನು ಚೀಲಕ್ಕೆ ಹಾಕಿದಳು.

"ನಿಮ್ಮ ತಮ್ಮನ್ನ ಉಳಿಸೋಕೆ ನನ್ನ ಹೊಟ್ಟೆ ಮೇಲೆ ಹೊಡೆದ್ರಿ," ಎಂದ ಸ್ಕೇಲು.

"ನಿಮ್ಮ ಹೊಟ್ಟೆಗೆ ಎರಡು ಆಫೀಸು ಬೇಕಿತ್ತಲ್ಲ."

"ನಾನು ಸುಳ್ಳು ಹೇಳಿದೆ, ಒಪ್ಕೋತೀನಿ. ಅವನು ನಿಜ ಹೇಳಿದಾನೆ ಅಂತ ನಿಮಗೆ ಹೇಗೆ ಗೊತ್ತು?"

ಅವಳು ಚೀಲದ ಜಿಪ್ಪು ಎಳೆದಳು. ಜೀಪಲ್ಲೇ ಮಲಗಿದ್ದೆ ಅಕ್ಕ, ಮೆಟ್ಟಿಲ ಕಡೆ ಹೋಗಲೇ ಇಲ್ಲ, ಎಂದಿದ್ದ ತಮ್ಮ. ಅಂದು ಬೆಳಿಗ್ಗೆ ದೊಡ್ಡ ಇಂಜಿನಿಯರ್ ಅವನಿಗೆ ನಾಳೆಯಿಂದ ಬರಬೇಡ ಎಂದಿದ್ದರು. ಎಲ್ಲರೆದುರು ಇಬ್ಬರೂ ಕೂಗಾಡಿದ್ದರು. ಜೀಪು ನಿಂತಿದ್ದು ಹಿಂದಿನ ಮೆಟ್ಟಿಲಿನಿಂದ ಹತ್ತು ಹೆಜ್ಜೆಯಲ್ಲಿ. ಪೊಲೀಸರ ಹತ್ತಿರ ಇದ್ದಿದ್ದು ಅಷ್ಟೇ.

ಇನ್‌ಸ್ಪೆಕ್ಟರ್ ಬಂದರು. ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಹನ್ನೆರಡೂ ಹನ್ನೆರಡಕ್ಕೆ ಒಳಗೆ, ಹನ್ನೆರಡೂ ಐವತ್ತಕ್ಕೆ ಹೊರಗೆ. ಪುಸ್ತಕದ ಫೋಟೊ ಕಳಿಸಿದಾರೆ. ಇಂಟರ್‌ವ್ಯೂ ರೂಮಿನ ಕ್ಯಾಮೆರಾದಲ್ಲೂ ಇದಾನೆ. ಅಲ್ಲಿಂದ ಹೊರಟವನು ಐವತ್ತೊಂದಕ್ಕೆ ಕೆಳಗಿನ ಅಂಗಡೀಲಿ, ಐವತ್ತೈದಕ್ಕೆ ಇಲ್ಲಿನ ಮುಂಬಾಗಿಲ ಕಾವಲುಗಾರನ ಎದುರು, ಐವತ್ತೆಂಟಕ್ಕೆ ಫೈಲು ಸೇವ್ ಮಾಡಿದಾನೆ. ಮೆಟ್ಟಿಲಿಗೆ ಹೋಗೋಕೆ ಪುರುಸೊತ್ತಿಲ್ಲ." ಅವರು ಕೂತರು. "ಅಮ್ಮಾ, ನೀವು ಇವನನ್ನ ಸಿಕ್ಕಿಸ್ತೀನಿ ಅಂತ ಹೋಗಿ ಬಿಡಿಸಿಬಿಟ್ರಿ."

ಮೂರೂ ಇಪ್ಪತ್ತು.

ಅವಳು ಪರದೆಯ ಮೇಲಿನ ನಕ್ಷೆಯನ್ನು ನೋಡುತ್ತ ನಿಂತಳು. ಹನ್ನೆರಡೂ ಮೂವತ್ತಾರಕ್ಕೆ ಇದು ಇಲ್ಲಿ ಬಿಚ್ಚಿಕೊಂಡಿತ್ತು, ಕುರ್ಚಿ ಖಾಲಿ. ಮೂವತ್ತೊಂದು ನಿಮಿಷ ಎಂದು ಗೊತ್ತಿದ್ದವರು ಇಬ್ಬರೇ, ಅವಳು ಮತ್ತು ಸತ್ತವರು. ಚೀಟಿಯ ಸುಳ್ಳು ಹಿಡಿಯಲು ಕಾದಿದ್ದ ಮನುಷ್ಯ ಆ ಹೊತ್ತಿಗೆ ಬಂದು ನೋಡದೆ ಇರುತ್ತಾನೆಯೇ?

"ಸರ್, ಪ್ರಿಂಟರ್ ನೋಡಿದ್ರಾ?"

"ಪ್ರಿಂಟರಲ್ಲಿ ಏನಿದೆ?"

"ಅದಕ್ಕೂ ನೆನಪಿರುತ್ತೆ."

ಪ್ರಿಂಟರು ಹೊರಗಿನ ಓಣಿಯಲ್ಲಿತ್ತು, ಹಿಂದಿನ ಮೆಟ್ಟಿಲ ಬಾಗಿಲಿಗೆ ಹೋಗುವ ದಾರಿಯಲ್ಲೇ. ಅವಳು ಅದರ ಸಣ್ಣ ಪರದೆಯಲ್ಲಿ ಒಂದೊಂದೇ ಪಟ್ಟಿ ಇಳಿಸುತ್ತ ಹೋದಳು. ಆ ತಾರೀಕು. ಕಿಟಕಿ ಮೆಷೀನಿನಿಂದ ಒಂದು ಹಾಳೆ. ಹನ್ನೆರಡೂ ಮೂವತ್ತೇಳು.

"ಇವರು ಎದುರು ಕಟ್ಟಡದಲ್ಲಿದ್ರು. ತೆಗೆದಿದ್ದು ದೊಡ್ಡ ಇಂಜಿನಿಯರೇ," ಎಂದಳು. "ಲೆಕ್ಕ ಮುಗಿದು ಒಂದು ನಿಮಿಷಕ್ಕೆ ಬಂದಿದಾರೆ. ಕುರ್ಚಿ ಖಾಲಿ, ಚೀಟೀಲಿ ಹೆಸರು. ನಕ್ಷೆ ತೆಗೆದು ಕೈಯಲ್ಲಿ ಹಿಡ್ಕೊಂಡಿದಾರೆ. ಮೂಲೇಲಿ ಗಂಟೆ ಬೀಳುತ್ತಲ್ಲ, ಅದೇ ಅವರಿಗೆ ಬೇಕಿದ್ದ ಸಾಕ್ಷಿ."

ಇನ್‌ಸ್ಪೆಕ್ಟರ್ ಇದ್ದಕ್ಕಿದ್ದಂತೆ ಎಚ್ಚೆತ್ತರು. "ಅದೇ ಹಾಳೆ ಇನ್ನೊಂದು ತೆಗೀರಿ."

ತೆಗೆದಳು. ನೀಲಿ ಗೆರೆ ಚರಂಡಿ, ಕೆಂಪು ಗೆರೆ ಉಕ್ಕುವ ಜಾಗ, ಕೆಳಗಿನ ಬಲಮೂಲೆಯಲ್ಲಿ ಗಂಟೆ.

ಅವರು ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ಒಂದು ಕಾಗದದ ಚೂರು, ಎರಡು ಬೆರಳಗಲ. "ಅವರ ಮುಷ್ಟಿಯಲ್ಲಿ ಸಿಕ್ಕಿದ್ದು. ಈ ಆಫೀಸಲ್ಲಿ ಕಾಗದಕ್ಕೇನು ಬರ, ಯಾವುದೋ ಹಳೇ ನಕ್ಷೆದು ಇರಬೇಕು ಅಂತ ನಾನು ತಲೆ ಕೆಡಿಸಿಕೊಳ್ಳಲಿಲ್ಲ."

ಚೂರನ್ನು ಹೊಸ ಹಾಳೆಯ ಮೇಲೆ ಸರಿಸುತ್ತ ಹೋದರು. ಎಡ ಮೇಲ್ಮೂಲೆಯಲ್ಲಿ ನಿಂತರು. ನೀಲಿ ಗೆರೆ ನೀಲಿ ಗೆರೆಯ ಮೇಲೆ ಕೂತಿತು. ಕೆಂಪಿನ ಚುಕ್ಕೆ ಕೆಂಪಿನ ಮೇಲೆ.

"ಈ ಹಾಳೆ ಹನ್ನೆರಡೂ ಮೂವತ್ತೇಳಕ್ಕೆ ಮೊದಲು ಪ್ರಪಂಚದಲ್ಲೇ ಇರಲಿಲ್ಲ," ಎಂದರು. ನೆಗಡಿಯೂ ಅವರಿಗೆ ಮರೆತಂತಿತ್ತು. "ಒಂದು ಗಂಟೆಗೆ ಗುಡಿಸೋಳು ಹೆಣ ನೋಡಿದಾಗ ಮುಷ್ಟಿಯಲ್ಲಿ ಇದ್ದಿದ್ದು ಮೂಲೆ ಒಂದೇ. ಮಿಕ್ಕಿದ್ದನ್ನ ಯಾರೋ ಕಿತ್ಕೊಂಡು ಹೋಗಿದಾರೆ. ಮೆಷೀನು ಮೊದಲಿನ ಥರ ಐವತ್ತು ನಿಮಿಷ ತಗೊಂಡಿದ್ರೆ ಇದು ನನಗೆ ಗೊತ್ತೇ ಆಗ್ತಿರಲಿಲ್ಲ. ಅಮ್ಮಾ, ಕ್ಷಮಿಸಿ, ನಿಮ್ಮ ಬಟ್ಟಲು ಕೆಲಸ ಮಾಡ್ತು."

"ಅಂದ್ರೆ?"

"ಅಂದ್ರೆ ಮಿಕ್ಕ ಹಾಳೆ ಯಾರ ಹತ್ರ ಇದೆಯೋ, ಅವನು ಆ ಇಪ್ಪತ್ತಮೂರು ನಿಮಿಷದಲ್ಲಿ ಆ ಮೆಟ್ಟಿಲ ಮೇಲೆ ಇದ್ದ. ಕೂಗಾಡಿದ್ದು, ಜೀಪು ಹತ್ತಿರ ನಿಂತಿದ್ದು ಇವೆಲ್ಲ ಬಾಯಿಮಾತು. ಇದು ಕಾಗದ. ನಿಮ್ಮ ತಮ್ಮನ ಹತ್ರ ಇದು ಇಲ್ಲ ಅಂತಾದ್ರೆ ನಾನು ಜಡ್ಜ್‌ಗೆ ಇನ್ನೊಂದು ವಾರ ಕೇಳ್ತೀನಿ. ಅವನ ಮನೆ ಒಂದು ಸಲ ನೋಡಿಬಿಡೋಣ, ನಿಮಗೂ ಒಳ್ಳೇದೇ."

ಬಟ್ಟೆ. ಬಸ್ ಟಿಕೆಟ್ಟು. ಬೀಗದ ಕೈ.

"ಒಂದು ನಿಮಿಷ ಸರ್, ಅಂಗಿ ವಿಷಯ ಹೇಳಿಬಿಡ್ತೀನಿ," ಎಂದು ಅವಳು ಓಣಿಯ ತುದಿಗೆ ನಡೆದಳು. ಹಿಂದಿನ ಮೆಟ್ಟಿಲ ಬಾಗಿಲಿಗೆ ಒರಗಿ ನಿಂತು ಫೋನು ಮಾಡಿದಳು. ಅತ್ತಲಿಂದ ಇಸ್ತ್ರಿಯ ಸದ್ದು ಕೇಳುತ್ತಿತ್ತು.

"ಆ ಮಡಚಿದ ಕಾಗದ ಎಲ್ಲಿದೆ?"

"ಡಬ್ಬದಲ್ಲಿದೆ ಅತ್ತಿಗೆ. ನೀವೇ ಇಡು ಅಂದ್ರಲ್ಲ."

"ಬಿಚ್ಚಿ ನೋಡು. ಏನಿದೆ?"

ಕಾಗದದ ಸರಸರ. "ಏನೋ ಗೆರೆಗಳು. ನೀಲಿ, ಕೆಂಪು. ಮಕ್ಕಳು ಗೀಚಿದ ಹಾಗಿದೆ. ಕೆಳಗೆ ಹನ್ನೆರಡೂ ಮೂವತ್ತೇಳು ಅಂತ ಅಚ್ಚಾಗಿದೆ."

"ಮೂಲೆ ನಾಲ್ಕೂ ಇದೆಯಾ?"

"ಇಲ್ಲ. ಮೂರೇ ಇದೆ. ಎಡಗಡೆ ಮೇಲಿಂದು ಹರಿದುಹೋಗಿದೆ." ಇಸ್ತ್ರಿಯ ಸದ್ದು ನಿಂತಿತು. "ಅತ್ತಿಗೆ, ಯಾಕೆ ಕೇಳಿದ್ರಿ? ಇದು ಇವರಿಗೆ ಕೆಟ್ಟದ್ದಾ?"

ಓಣಿಯ ಆ ತುದಿಯಲ್ಲಿ ಇನ್‌ಸ್ಪೆಕ್ಟರ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಅವಳ ಕಡೆಗೇ ನಡೆದು ಬರುತ್ತಿದ್ದರು.

"ಒಲೆ ಉರೀತಾ ಇದೆ ಅತ್ತಿಗೆ," ಎಂದಳು ತಮ್ಮನ ಹೆಂಡತಿ, ದನಿ ತಗ್ಗಿಸಿ. "ಹೂಂ ಅನ್ನಿ ಸಾಕು."

"ಮನೇಲಿ ಯಾರಾದ್ರೂ ಇದಾರಾ?" ಎಂದು ಕೇಳಿದರು ಇನ್‌ಸ್ಪೆಕ್ಟರ್, ಹತ್ತಿರ ಬಂದು. ಅವರು ಕೈ ಚಾಚಿದರು. "ಫೋನು ಕೊಡಿ, ನಾನೇ ಮಾತಾಡ್ತೀನಿ."